ನುಂಗಿದ್ದನ್ನು ಕಂಡ ಮೇಲೆಯೇ ಗುರುತು

ಔಷಧಿ ಕೊಡುವುದು ಬೇರೆ, ಅದು ರೋಗಿಯ ಹೊಟ್ಟೆಗೆ ಸೇರುವುದು ಬೇರೆ. ವೈದ್ಯಲೋಕಕ್ಕೆ ಈ ಪಾಠವನ್ನು ಗಟ್ಟಿಯಾಗಿ ಕಲಿಸಿದ್ದು ಕ್ಷಯ. ಅದರ ಕತೆ ಅರ್ಧ ನಡೆದದ್ದು ಮದ್ರಾಸಿನಲ್ಲಿ, ಇನ್ನರ್ಧ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ.

1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಚಿಕಿತ್ಸಾ ಕೇಂದ್ರ ಶುರುವಾಯಿತು. ಮುಂದಾಳು ಬ್ರಿಟಿಷ್ ವೈದ್ಯ ವ್ಯಾಲೇಸ್ ಫಾಕ್ಸ್. ಆಗ ಟಿ.ಬಿ. ಎಂದರೆ ಸ್ಯಾನಟೋರಿಯಂ ಸೇರಬೇಕು, ಹಾಲು ಮೊಟ್ಟೆ ತಿಂದು ತಿಂಗಳುಗಟ್ಟಲೆ ಮಲಗಬೇಕು ಎಂದಿತ್ತು. ಅಷ್ಟು ಹಾಸಿಗೆ ದೇಶದಲ್ಲಿ ಎಲ್ಲಿತ್ತು? ಫಾಕ್ಸ್ ತಂಡ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿಟ್ಟಿತು, ಉಳಿದವರನ್ನು ಮನೆಯಲ್ಲೇ ಬಿಟ್ಟಿತು, ಎಲ್ಲರಿಗೂ ವರ್ಷಪೂರ್ತಿ ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಎಂಬ ಔಷಧಿಗಳನ್ನು ಕೊಟ್ಟಿತು. 1959ರಲ್ಲಿ ಫಲಿತಾಂಶ ಹೊರಬಿತ್ತು: ಕಿಕ್ಕಿರಿದ ಗುಡಿಸಿಲಲ್ಲಿ ಇದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು.

ಆದರೆ ಮನೆಯಲ್ಲಿ ಹೊತ್ತುಹೊತ್ತಿಗೆ ಮಾತ್ರೆ ಕೊಡುವ ನರ್ಸ್ ಇರಲಿಲ್ಲ. ಪಿ.ಎ.ಎಸ್. ಬಾಯಿಗೆ ಕಹಿ, ಹೊಟ್ಟೆಗೆ ಸಂಕಟ, ದಿನಕ್ಕೆ ನುಂಗಬೇಕಾದ ಪ್ರಮಾಣವೂ ಹೆಚ್ಚು. ಸಿಬ್ಬಂದಿ ಹೇಳದೆ ಕೇಳದೆ ರೋಗಿಗಳ ಮನೆಗೆ ಹೋಗಿ ಉಳಿದ ಔಷಧಿ ಎಣಿಸುತ್ತಿದ್ದರು, ಅಲ್ಲೇ ಮೂತ್ರ ಪಡೆಯುತ್ತಿದ್ದರು. ಅದಕ್ಕೆ ಫೆರಿಕ್ ಕ್ಲೋರೈಡ್ ಹಾಕಿದರೆ, ಪಿ.ಎ.ಎಸ್. ತೆಗೆದುಕೊಂಡವರದ್ದು ಬಣ್ಣ ತಿರುಗುತ್ತಿತ್ತು. ತೆಗೆದುಕೊಂಡೆ ಎಂದವರದ್ದೆಲ್ಲ ತಿರುಗಲಿಲ್ಲ. ಇವರು ಸುಳ್ಳುಗಾರರೆಂದು ನನಗನಿಸುವುದಿಲ್ಲ. ಕೆಮ್ಮು ನಿಂತು, ಜ್ವರ ಬಿಟ್ಟು, ಹಸಿವಾಗಿ, ಕೂಲಿಗೆ ಹೋಗುವಂತಾದ ಮೇಲೆ ವಾಕರಿಕೆ ತರಿಸುವ ಮದ್ದನ್ನು ಇನ್ನೂ ಎಂಟು ಹತ್ತು ತಿಂಗಳು ನುಂಗುವುದು ಯಾರಿಗೂ ಸುಲಭವಲ್ಲ. ರೋಗಿ ತಾನೇ ಔಷಧಿ ತೆಗೆದುಕೊಳ್ಳುವುದರ ತೊಡಕನ್ನು ಫಾಕ್ಸ್ 1958ರಲ್ಲೇ ಬರೆದು ಪ್ರಕಟಿಸಿದ್ದರು.

ಅಷ್ಟರಲ್ಲಿ ಬೆಂಗಳೂರಿನಲ್ಲಿ, ಮೈಸೂರು ಅರಸರಿಗೆ ಸೇರಿದ್ದ ಅವಲಾನ್ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. 1960ರ ಸೆಪ್ಟೆಂಬರ್‌ನಲ್ಲಿ ನೆಹರೂ ಉದ್ಘಾಟಿಸಿದರು. ಸಂಸ್ಥೆಯವರು ಸಮೀಕ್ಷೆಗೆ ಆರಿಸಿಕೊಂಡದ್ದು ತುಮಕೂರು ಜಿಲ್ಲೆಯನ್ನು. ಹಳ್ಳಿಯವರಿಗೆ ಕಾಯಿಲೆಯ ಪರಿವೆಯೇ ಇರುವುದಿಲ್ಲ, ವ್ಯಾನಿನಲ್ಲಿ ಎಕ್ಸ್‌ರೇ ಕೊಂಡೊಯ್ದು ನಾವೇ ಹುಡುಕಬೇಕು ಎಂಬ ನಂಬಿಕೆ ಆಗ ಬಲವಾಗಿತ್ತು. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಮನೆಮನೆಗೆ ಹೋಗಿ ರೋಗಿಗಳನ್ನೇ ಕೇಳಿದರು. 1963ರಲ್ಲಿ ಅಚ್ಚಾದ ಅವರ ವರದಿ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಸ್ಪತ್ರೆಯ ಬಾಗಿಲಿಗೂ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ನನ್ನ ಮಟ್ಟಿಗೆ ಈ ಇಡೀ ಕತೆಯಲ್ಲಿ ಇದಕ್ಕಿಂತ ದೊಡ್ಡ ಆವಿಷ್ಕಾರವಿಲ್ಲ: ಜನ ಬಂದಿದ್ದರು, ಆಸ್ಪತ್ರೆ ಗಮನಿಸಿರಲಿಲ್ಲ.

ಮನೆಯಲ್ಲಿ ಔಷಧಿ ತಪ್ಪುವ ತೊಡಕಿಗೆ 1964ರಲ್ಲಿ ಮದ್ರಾಸಿನವರು ದಾರಿ ತೋರಿಸಿದರು. ವಾರಕ್ಕೆ ಎರಡೇ ಸಲ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು, ಜೊತೆಗೆ ಹೆಚ್ಚಿನ ಪ್ರಮಾಣದ ಐಸೋನಿಯಾಜಿಡ್. ಎರಡೂ ಸಿಬ್ಬಂದಿಯ ಕಣ್ಣೆದುರೇ. ಫಲ, ದಿನವೂ ಮನೆಯಲ್ಲಿ ನುಂಗುವುದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಕಣ್ಣೆದುರೇ ಔಷಧಿ ಕೊಡುವ ಈ ಕ್ರಮವೇ ಮುಂದೆ ಡಾಟ್ಸ್ ಎಂಬ ಹೆಸರಿನಲ್ಲಿ ಜಗತ್ತು ಸುತ್ತಿ, 1997ರಲ್ಲಿ ನಮ್ಮ ರಾಷ್ಟ್ರೀಯ ಕಾರ್ಯಕ್ರಮವಾಯಿತು. ವಾರಕ್ಕೆ ಮೂರು ದಿನವಿದ್ದ ಮಾತ್ರೆ 2017ರ ನಂತರ ದಿನನಿತ್ಯದ್ದಾಗಿದೆ.

ಹಾಗಾಗಿ ತೋವಿನಕೆರೆ, ಕೊರಟಗೆರೆ, ಮಧುಗಿರಿ, ಪಾವಗಡ ಕಡೆಯ ಸಿಸ್ಟರ್‌ಗಳಿಗೆ, ಆಶಾ ಅಕ್ಕಂದಿರಿಗೆ ಒಂದು ಮಾತು. ಹೆಸರು ಕೇಳಿ, ತೂಕಕ್ಕೆ ತಕ್ಕ ಮಾತ್ರೆಯೇ ಎಂದು ನೋಡಿ, ನೀರು ಕೊಟ್ಟು, ನುಂಗಿದ್ದನ್ನು ಕಂಡ ಮೇಲೆಯೇ ಕಾರ್ಡಿನಲ್ಲಿ ಗುರುತು ಹಾಕಿ. ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಗಾಗುತ್ತದೆಂದು ಮೊದಲೇ ತಿಳಿಸಿ. ಇಲ್ಲದಿದ್ದರೆ ಹೆದರಿ ಬಿಟ್ಟುಬಿಡುತ್ತಾರೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಂದೇ ವೈದ್ಯರಿಗೆ ಹೇಳಿ. ಮಾತ್ರೆ ತಪ್ಪಿದ ದಿನದ ಚೌಕವನ್ನು ಖಾಲಿ ಬಿಡಿ, ಬೈಯದೆ ಮನೆಗೆ ಹೋಗಿ ಏಕೆ ತಪ್ಪಿತೆಂದು ಕೇಳಿ.