ಕೂಪನ್ ಇದ್ದರೆ ದಿನಸಿ ಪುಕ್ಕಟೆಯೇ? ಉಳಿತಾಯ ಎಷ್ಟು, ಹುಚ್ಚು ಎಷ್ಟು

ಸೂಪರ್ ಮಾರ್ಕೆಟ್‌ನ ಬಿಲ್ಲಿಂಗ್ ಕೌಂಟರ್. ಮೂರು ಟ್ರಾಲಿ ತುಂಬ ಸಾಮಾನು. ಬಿಲ್ಲು ನೂರಾರು ಡಾಲರ್ ದಾಟಿದೆ. ಆಗ ಮಹಿಳೆಯೊಬ್ಬರು ದಪ್ಪನೆಯ ಫೈಲ್ ತೆಗೆದು ಕತ್ತರಿಸಿಟ್ಟ ಕೂಪನ್‌ಗಳನ್ನು ಒಂದೊಂದಾಗಿ ಕೊಡಲು ಶುರುಮಾಡುತ್ತಾರೆ. ಪರದೆಯ ಮೇಲಿನ ಮೊತ್ತ ಇಳಿಯುತ್ತಾ ಬಂದು ಕೆಲವೇ ಡಾಲರ್‌ಗಳಿಗೆ ನಿಲ್ಲುತ್ತದೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ.

ಇಂಥ ವಿಡಿಯೋ ತುಣುಕು ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೆ ‘ಅಮೆರಿಕದಲ್ಲಿ ದಿನಸಿ ಫ್ರೀ, ನಮ್ಮಲ್ಲಿ ಯಾಕಿಲ್ಲ?’ ಎಂಬ ಧಾಟಿಯ ಒಂದು ಸಾಲು. ಇದು ನಿಜವೇ ಎಂದು ಕೇಳಿದರೆ ನಮ್ಮ ಉತ್ತರ: ವಿಡಿಯೋದಲ್ಲಿ ಕಾಣುವುದು ಬಹುಮಟ್ಟಿಗೆ ನಿಜ, ಅದರಿಂದ ನಾವು ತೆಗೆದುಕೊಳ್ಳುವ ಅರ್ಥ ಮಾತ್ರ ತಪ್ಪು. ಹೇಗೆ ಎಂದು ನೋಡೋಣ.

ಅಮೆರಿಕದಲ್ಲಿ ಇದು ನಡೆಯುವುದು ಹೇಗೆ?

ಕೂಪನ್ ಹೊಸದೇನಲ್ಲ. 1880ರ ದಶಕದ ಕೊನೆಯಲ್ಲಿ ಅಟ್ಲಾಂಟಾದಲ್ಲಿ ಕೋಕಾ-ಕೋಲಾ ಕಂಪನಿ ‘ಒಂದು ಲೋಟ ಪುಕ್ಕಟೆ’ ಎಂಬ ಚೀಟಿಗಳನ್ನು ಹಂಚಿತ್ತು. ರುಚಿ ಹತ್ತಿದವರು ಎರಡನೇ ಲೋಟಕ್ಕೆ ದುಡ್ಡು ಕೊಟ್ಟೇ ಕೊಡುತ್ತಾರೆ ಎನ್ನುವುದು ಲೆಕ್ಕ. ಇಂದಿಗೂ ಕೂಪನ್‌ನ ಹಿಂದಿರುವುದು ಅದೇ ಲೆಕ್ಕ. ಮುಂದೆ ದೊಡ್ಡ ಕಂಪನಿಗಳು ಭಾನುವಾರದ ಪತ್ರಿಕೆಯೊಳಗೆ ಕೂಪನ್ ಹಾಳೆಗಳನ್ನು ಇಡತೊಡಗಿದವು. ಅಲ್ಲಿನ ಮನೆಗಳಲ್ಲಿ ಕತ್ತರಿ ಹಿಡಿದು ಕೂಪನ್ ಕತ್ತರಿಸುವುದು ಭಾನುವಾರದ ಕೆಲಸಗಳಲ್ಲಿ ಒಂದಾಯಿತು.

ಬಿಲ್ಲು ಸೊನ್ನೆಗೆ ಬರುವ ಗುಟ್ಟು ಇರುವುದು ಒಂದರ ಮೇಲೊಂದು ರಿಯಾಯಿತಿ ಪೇರಿಸುವುದರಲ್ಲಿ. ಒಂದು ಉದಾಹರಣೆ ನೋಡಿ. ಟೂತ್‌ಪೇಸ್ಟ್ ಬೆಲೆ 3 ಡಾಲರ್. ಅಂಗಡಿಯವರು ಆ ವಾರ ಅದನ್ನು 2 ಡಾಲರ್‌ಗೆ ಇಳಿಸಿದ್ದಾರೆ. ನಿಮ್ಮ ಬಳಿ ಕಂಪನಿಯ 75 ಸೆಂಟ್‌ನ ಕೂಪನ್ ಇದೆ. ಕೂಪನ್ ಮೊತ್ತವನ್ನು ದುಪ್ಪಟ್ಟು ಮಾಡಿಕೊಡುವ ಅಂಗಡಿಯಾದರೆ ಅದು ಒಂದೂವರೆ ಡಾಲರ್ ಆಗುತ್ತದೆ. ಉಳಿದದ್ದು 50 ಸೆಂಟ್. ಅಂಗಡಿಯದೇ 50 ಸೆಂಟ್ ಕೂಪನ್ ಇನ್ನೊಂದಿದ್ದರೆ ಟೂತ್‌ಪೇಸ್ಟ್ ಪುಕ್ಕಟೆ. ಅಂಗಡಿಗೆ ಪೂರ್ತಿ ನಷ್ಟವೂ ಇಲ್ಲ. ಕಂಪನಿ ಕೂಪನ್‌ನ 75 ಸೆಂಟ್‌ ಜೊತೆ ನಿರ್ವಹಣೆಗೆಂದು ಸಾಮಾನ್ಯವಾಗಿ 8 ಸೆಂಟ್ ಸೇರಿಸಿ ಅಂಗಡಿಗೆ ಹಿಂದಿರುಗಿಸುತ್ತದೆ. ದುಪ್ಪಟ್ಟು ಮಾಡಿದ ಭಾಗ, ಅಂಗಡಿಯದೇ ಕೂಪನ್‌ನ ಮೊತ್ತ ಇವು ಅಂಗಡಿಯ ಕೈಯಿಂದ ಹೋಗುತ್ತವೆ. ಅಂದರೆ ಇದು ಪುಕ್ಕಟೆ ಅಲ್ಲ, ಬೇರೆಯವರು ಜಾಹೀರಾತು ಖರ್ಚು ಎಂದು ಕಟ್ಟಿದ ಬಿಲ್ಲು.

ಟಿಎಲ್‌ಸಿ ಚಾನೆಲ್‌ನ ‘ಎಕ್ಸ್‌ಟ್ರೀಮ್ ಕೂಪನಿಂಗ್’ ಕಾರ್ಯಕ್ರಮ ಇದನ್ನು ಜಗತ್ತಿಗೆ ತೋರಿಸಿತು. 2010ರ ಕೊನೆಯಲ್ಲಿ ಒಂದು ವಿಶೇಷ ಕಂತಾಗಿ ಬಂದದ್ದು 2011ರಲ್ಲಿ ಸರಣಿಯಾಯಿತು. ನಮ್ಮಲ್ಲಿ ಹರಿದಾಡುವ ತುಣುಕುಗಳು ಅದರಿಂದ ತೆಗೆದವು, ಇಲ್ಲವೇ ಅದನ್ನೇ ನೋಡಿ ಕಲಿತವರು ಮಾಡಿದವು.

ಕ್ಯಾಮೆರಾ ತೋರಿಸದೇ ಬಿಟ್ಟದ್ದು

ಮೊದಲನೆಯದು ಸಮಯ. ಒಂದು ‘ಪುಕ್ಕಟೆ’ ಖರೀದಿಯ ಹಿಂದೆ ಕೂಪನ್ ಹುಡುಕಿ, ಕತ್ತರಿಸಿ, ಜೋಡಿಸಿ, ಯಾವ ಅಂಗಡಿಯಲ್ಲಿ ಯಾವ ವಾರ ಯಾವುದಕ್ಕೆ ಬೆಲೆ ಇಳಿದಿದೆ ಎಂದು ಹೊಂದಿಸುವ ಕೆಲಸವಿದೆ. ಹಲವರಿಗೆ ಅದು ಸಂಬಳವಿಲ್ಲದ ಇನ್ನೊಂದು ನೌಕರಿಯೇ ಆಗಿರುತ್ತದೆ. ಒಂದೇ ಕೂಪನ್ ಇಪ್ಪತ್ತು ಬೇಕೆಂದರೆ ಇಪ್ಪತ್ತು ಪತ್ರಿಕೆ ಕೊಳ್ಳಬೇಕು. ಆ ಖರ್ಚನ್ನು ಬಿಲ್ಲಿನಲ್ಲಿ ತೋರಿಸುವುದಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಕಂಪನಿ ಕೂಪನ್ ಕಳೆಯುವ ಮೊದಲಿನ ಬೆಲೆಯ ಮೇಲೆ ಮಾರಾಟ ತೆರಿಗೆ ಹಾಕುತ್ತಾರೆ. ಹಾಗಾಗಿ ತೆರಿಗೆ ಇರುವ ಸಾಮಾನು ‘ಪುಕ್ಕಟೆ’ಯಾದರೂ ಕೈಯಿಂದ ಒಂದಿಷ್ಟು ಬೀಳುತ್ತದೆ. ಇನ್ನೂ ಒಂದು ಮಾತು: ಚಿತ್ರೀಕರಣದ ದಿನ ಕೆಲವು ಅಂಗಡಿಗಳು ತಮ್ಮ ಎಂದಿನ ಮಿತಿಯನ್ನು ಸಡಿಲಿಸಿದ್ದವು ಎಂದು ಆಗಲೇ ಸುದ್ದಿಯಾಗಿತ್ತು. ಕಾರ್ಯಕ್ರಮ ಜನಪ್ರಿಯವಾದ ಮೇಲೆ ಹಲವು ಸರಣಿ ಅಂಗಡಿಗಳು ನಿಯಮ ಬಿಗಿ ಮಾಡಿದವು. ಈಗ ಹೋಗಿ ಹಾಗೆಯೇ ಮಾಡುತ್ತೇನೆ ಎಂದರೆ ನಡೆಯುವುದು ಕಷ್ಟ.

ಎರಡನೆಯದು, ಆ ಟ್ರಾಲಿಯಲ್ಲಿ ಏನಿದೆ ಎಂಬುದು. ವಿಡಿಯೋವನ್ನು ಒಮ್ಮೆ ನಿಲ್ಲಿಸಿ ನೋಡಿ. ಸೋಡಾ, ಚಿಪ್ಸ್, ಸಾಸ್, ಸಕ್ಕರೆ ಹಾಕಿದ ಸೀರಿಯಲ್, ಟೂತ್‌ಪೇಸ್ಟ್. ಸೊಪ್ಪು ತರಕಾರಿ ಕಾಣುವುದು ಅಪರೂಪ. ಕಾರಣ ಸರಳ: ಕೂಪನ್ ಮುದ್ರಿಸುವುದು ಬ್ರ್ಯಾಂಡ್ ಇರುವ ಕಂಪನಿ. ಬದನೆಕಾಯಿಗೆ ಬ್ರ್ಯಾಂಡ್ ಎಲ್ಲಿದೆ? ಅಮೆರಿಕದ ದೊಡ್ಡ ದಿನಸಿ ಸರಣಿಗಳ ಸಾವಿರಕ್ಕೂ ಹೆಚ್ಚು ಆನ್‌ಲೈನ್ ಕೂಪನ್‌ಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು ಕಾಲು ಭಾಗ ಕುರುಕಲು ತಿಂಡಿ, ಸಿಹಿತಿನಿಸುಗಳಿಗೇ ಮೀಸಲಾಗಿತ್ತು. ಹಣ್ಣಿಗೆ ಇದ್ದದ್ದು ಶೇ. 1ಕ್ಕಿಂತಲೂ ಕಡಿಮೆ. ಕೂಪನ್ ನೋಡಿಕೊಂಡು ಅಡುಗೆ ಮಾಡಲು ಹೊರಟರೆ ತಟ್ಟೆಯಲ್ಲಿ ಏನು ಬೀಳುತ್ತದೆ ಎಂದು ನೀವೇ ಊಹಿಸಿ.

ಮೂರನೆಯದು ಗಂಭೀರ ವಿಷಯ. ಈ ಗೀಳು ಕೆಲವರನ್ನು ನೇರ ಅಪರಾಧಕ್ಕೇ ಒಯ್ದಿದೆ. ವರ್ಜೀನಿಯಾ ಬೀಚ್‌ನ ಮಹಿಳೆಯೊಬ್ಬರು ಮನೆಯ ಕಂಪ್ಯೂಟರಿನಲ್ಲೇ ನಕಲಿ ಕೂಪನ್ ತಯಾರಿಸಿ, ಸಾಮಾಜಿಕ ಜಾಲತಾಣದ ಗುಂಪುಗಳ ಮೂಲಕ ಮಾರುತ್ತಿದ್ದರು. ಅಂಗಡಿ ಮತ್ತು ಕಂಪನಿಗಳಿಗೆ ಆದ ನಷ್ಟ 3 ಕೋಟಿ 10 ಲಕ್ಷ ಡಾಲರ್‌ಗೂ ಹೆಚ್ಚು ಎಂದು ಲೆಕ್ಕ ಹಾಕಲಾಯಿತು. 2021ರಲ್ಲಿ ಅವರಿಗೆ 12 ವರ್ಷ ಜೈಲು ಶಿಕ್ಷೆಯಾಯಿತು.

ನಮ್ಮಲ್ಲಿ ಯಾಕಿಲ್ಲ?

ಪತ್ರಿಕೆಯಿಂದ ಕತ್ತರಿಸಿ ಅಂಗಡಿಯಲ್ಲಿ ಕೊಟ್ಟು, ಅಂಗಡಿಯವರು ಕಂಪನಿಯಿಂದ ವಾಪಸ್ ಪಡೆಯುವ ಆ ಸರಪಳಿ ನಮ್ಮ ಬೀದಿ ಬದಿಯ ಕಿರಾಣಿ ಅಂಗಡಿಗಳಲ್ಲಿ ಬೇರೂರಲೇ ಇಲ್ಲ. ನಮ್ಮಲ್ಲಿ ಕೂಪನ್ ಹೆಚ್ಚಾಗಿ ಬಂದಿರುವುದು ಫೋನಿನ ಆ್ಯಪ್‌ನಲ್ಲಿ, ಮತ್ತು ಅದು ಬೇರೆಯೇ ಪ್ರಾಣಿ. ಸಾಮಾನ್ಯವಾಗಿ ಒಂದು ಆರ್ಡರ್‌ಗೆ ಒಂದೇ ಕೂಪನ್. ಕನಿಷ್ಠ ಇಷ್ಟು ಮೊತ್ತ ಆಗಲೇಬೇಕೆಂಬ ಷರತ್ತು. ರಿಯಾಯಿತಿಗೆ ಒಂದು ಗರಿಷ್ಠ ಮಿತಿ. ‘ಶೇ. 50 ರಿಯಾಯಿತಿ’ ಎಂದು ದೊಡ್ಡದಾಗಿ, ‘ಗರಿಷ್ಠ 75 ರೂ.’ ಎಂದು ಇರುವೆಯಷ್ಟು ಚಿಕ್ಕದಾಗಿ.

ನಮ್ಮಲ್ಲೂ ಅತಿ ಮಾಡುವವರಿದ್ದಾರೆ, ದಾರಿ ಮಾತ್ರ ಬೇರೆ. ಹೊಸ ಗ್ರಾಹಕರ ಕೂಪನ್ ಸಿಗಲೆಂದು ಅಪ್ಪನ ನಂಬರ್, ಅಜ್ಜಿಯ ನಂಬರ್, ಡ್ರಾಯರಿನಲ್ಲಿ ಬಿದ್ದಿರುವ ಹಳೇ ಸಿಮ್ ಎಲ್ಲದರಲ್ಲೂ ಖಾತೆ ತೆರೆಯುವುದು. ಇದು ಆ್ಯಪ್‌ನ ಷರತ್ತುಗಳಿಗೆ ವಿರುದ್ಧವಾಗುವುದೇ ಹೆಚ್ಚು. ಒಂದು ದಿನ ಖಾತೆ ಬ್ಲಾಕ್ ಆಗಿ ಅದರ ವ್ಯಾಲೆಟ್‌ನಲ್ಲಿದ್ದ ದುಡ್ಡು ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳುವುದು?

ಲೆಕ್ಕ ಹಾಕಿ ನೋಡೋಣ

ನಿಮಗೆ ಬೇಕಾದ ಸಾಮಾನಿನ ಮೊತ್ತ 612 ರೂ. ಆಯಿತು ಎಂದುಕೊಳ್ಳಿ. ‘799 ರೂ. ದಾಟಿದರೆ 100 ರೂ. ಕಡಿತ’ ಎಂಬ ಕೂಪನ್ ಮಿನುಗುತ್ತಿದೆ. ನೀವು 190 ರೂ.ಗೆ ಬಿಸ್ಕತ್ತು, ಜ್ಯೂಸ್ ಸೇರಿಸುತ್ತೀರಿ. ಮೊತ್ತ 802, ನೂರು ಕಳೆದರೆ 702. ಆ್ಯಪ್ ‘ನೀವು 100 ರೂ. ಉಳಿಸಿದಿರಿ’ ಎಂದು ಪಟಾಕಿ ಹಾರಿಸುತ್ತದೆ. ವಾಸ್ತವದಲ್ಲಿ ನಿಮ್ಮ ಜೇಬಿನಿಂದ 90 ರೂ. ಹೆಚ್ಚಿಗೆ ಹೋಗಿದೆ.

ಹಾಗಂತ ಕೂಪನ್ ಕೆಟ್ಟದ್ದಲ್ಲ. ಅದೇ 190 ರೂ.ಗೆ ಮುಂದಿನ ವಾರ ಹೇಗೂ ತರಬೇಕಿದ್ದ ತೊಗರಿಬೇಳೆಯನ್ನು ಸೇರಿಸಿದ್ದರೆ ಪೂರ್ತಿ ನೂರು ರೂಪಾಯಿ ನಿಜವಾದ ಉಳಿತಾಯ. ಕೂಪನ್ ಅದೇ, ಮೊತ್ತವೂ ಅದೇ. ಪಟ್ಟಿ ಮೊದಲು ಬರೆದಿರೋ ಕೂಪನ್ ಮೊದಲು ನೋಡಿದಿರೋ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಪಟ್ಟಿಯನ್ನು ಕಾಗದದ ಮೇಲೆ ಬರೆದು ಆಮೇಲೆ ಆ್ಯಪ್ ತೆರೆಯುವುದು ಹಳೇ ಕಾಲದ ಉಪಾಯ ಅನ್ನಿಸಬಹುದು, ಆದರೆ ಕೆಲಸ ಮಾಡುತ್ತದೆ. ಡೆಲಿವರಿ, ಹ್ಯಾಂಡ್ಲಿಂಗ್ ಶುಲ್ಕಗಳು ಸೇರಿದ ಕೊನೆಯ ಮೊತ್ತವನ್ನೇ ಹೋಲಿಸಿ.

‘ಉಳಿಸಿದಿರಿ’ ಎಂಬ ಅಂಕಿಯ ಬಗ್ಗೆ ಇನ್ನೊಂದು ಮಾತು. ಅದನ್ನು ಸಾಮಾನ್ಯವಾಗಿ ಎಂಆರ್‌ಪಿಗೆ ಹೋಲಿಸಿ ಹಾಕಿರುತ್ತಾರೆ. ಎಂಆರ್‌ಪಿ ಎಂದರೆ ಗರಿಷ್ಠ ಚಿಲ್ಲರೆ ಬೆಲೆ. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ, ಕಡಿಮೆಗೆ ಮಾರಲು ಅಡ್ಡಿಯಿಲ್ಲ. ಅಡುಗೆ ಎಣ್ಣೆಯಂಥ ಸಾಮಾನಿನಲ್ಲಿ ಮುದ್ರಿತ ಬೆಲೆಗಿಂತ ಕಡಿಮೆಗೆ ನಿಮ್ಮ ಬೀದಿಯ ಅಂಗಡಿಯವರೂ ಕೊಡುತ್ತಿರಬಹುದು, ಅದೂ ಯಾವ ಕೂಪನ್ ಇಲ್ಲದೆ. ಹೋಲಿಸಬೇಕಾದ್ದು ಆ ಬೆಲೆಯನ್ನು.

ಪೊಟ್ಟಣದ ಮೇಲೆ ಎಂಆರ್‌ಪಿ ಪಕ್ಕದಲ್ಲೇ ‘ಯೂನಿಟ್ ಸೇಲ್ ಪ್ರೈಸ್’ ಎಂದು ಒಂದು ಅಂಕಿ ಇರುವುದನ್ನು ಗಮನಿಸಿದ್ದೀರಾ? ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಒಂದು ಗ್ರಾಂಗೆ ಎಷ್ಟು, ಹೆಚ್ಚಿನ ತೂಕದ್ದಕ್ಕೆ ಒಂದು ಕಿಲೋಗೆ ಎಷ್ಟು ಎಂದು ಅದು ಹೇಳುತ್ತದೆ. ತುಂಬ ಜನ ನೋಡದೇ ಬಿಡುವ, ಆದರೆ ಬಹಳ ಉಪಯೋಗದ ಅಂಕಿ ಅದು. 120 ರೂ.ನ 200 ಗ್ರಾಂ ಪೊಟ್ಟಣಕ್ಕೆ ಶೇ. 20 ಕೂಪನ್ ಹಾಕಿದರೆ 96 ರೂ., ಗ್ರಾಂಗೆ 48 ಪೈಸೆ. ಪಕ್ಕದಲ್ಲೇ ಇರುವ 500 ಗ್ರಾಂ ಪೊಟ್ಟಣ 225 ರೂ., ಕೂಪನ್ ಇಲ್ಲ, ಆದರೂ ಗ್ರಾಂಗೆ 45 ಪೈಸೆ.

ದೊಡ್ಡ ಪೊಟ್ಟಣವೇ ಯಾವಾಗಲೂ ಲಾಭ ಎಂದೂ ಅಲ್ಲ. ರವೆಗೆ ಹುಳ ಬೀಳುತ್ತದೆ, ಅಕ್ಕಿಗೆ ನುಸಿ ಹತ್ತುತ್ತದೆ. ಎಣ್ಣೆ, ಕಡಲೆಬೀಜ, ಒಣಕೊಬ್ಬರಿ ಹೆಚ್ಚು ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ. ಅವುಗಳಲ್ಲಿರುವ ಕೊಬ್ಬು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕೆಡುವುದೇ ಇದಕ್ಕೆ ಕಾರಣ. ಬಿಸಿಲು, ಒಲೆಯ ಬಿಸಿ ತಾಕಿದರೆ ಇನ್ನೂ ಬೇಗ. ಟೂತ್‌ಪೇಸ್ಟಿಗೂ ಅವಧಿ ಇದೆ. ‘ಒಂದು ಕೊಂಡರೆ ಒಂದು ಉಚಿತ’ ಎಂದು ಬರುವ ಸಾಮಾನಿನ ಅವಧಿ ಮುಗಿಯುವ ದಿನಾಂಕವನ್ನು ಮೊದಲು ನೋಡಿ. ಆ ದಿನದೊಳಗೆ ಎರಡನ್ನೂ ತಿಂದು ಮುಗಿಸುತ್ತೀರಾದರೆ ತನ್ನಿ. ಇಲ್ಲದಿದ್ದರೆ ಎರಡನೆಯದು ಹೋಗುವುದು ಕಸದ ಬುಟ್ಟಿಗೆ.

ಓಡುವ ಗಡಿಯಾರಕ್ಕೆ ಹೆದರಬೇಡಿ

‘2 ನಿಮಿಷ 14 ಸೆಕೆಂಡ್ ಬಾಕಿ’, ‘ಮೂರೇ ಉಳಿದಿವೆ’. ಇಂಥವು ಎಷ್ಟೋ ಸಲ ನಿಜವೇ ಅಲ್ಲ. ಯೋಚಿಸಲು ಬಿಡದಂತೆ ಅವಸರಪಡಿಸುವುದೇ ಅವುಗಳ ಕೆಲಸ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ‘ಡಾರ್ಕ್ ಪ್ಯಾಟರ್ನ್’ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ಸುಳ್ಳು ಅವಸರ ಸೃಷ್ಟಿಸುವುದು, ಕೇಳದೆಯೇ ಬುಟ್ಟಿಗೆ ಸಾಮಾನು ಅಥವಾ ದೇಣಿಗೆ ಸೇರಿಸುವುದು, ಕೊನೆಯ ಹಂತದಲ್ಲಿ ಹೊಸ ಶುಲ್ಕ ಹೊರಗೆಳೆಯುವುದು ಎಲ್ಲವೂ ಅದರಲ್ಲಿವೆ. ನಿಮಗೆ ಹೀಗಾದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಕೂಪನ್ ಹೆಸರಿನ ಫಾರ್ವರ್ಡ್‌ಗಳು

ಉಳಿಸುವ ಆಸೆ ಇರುವವರನ್ನು ಹುಡುಕಿಕೊಂಡು ಬರುವ ಇನ್ನೊಂದು ಗುಂಪಿದೆ. ಹೆಸರಾಂತ ಅಂಗಡಿಯ ಲಾಂಛನ, ‘ವಾರ್ಷಿಕೋತ್ಸವದ ಕೊಡುಗೆ, 2,500 ರೂ. ಕೂಪನ್’, ಕೆಳಗೆ ಒಂದು ಲಿಂಕ್. ಒತ್ತಿದರೆ ನಾಲ್ಕು ಸುಲಭದ ಪ್ರಶ್ನೆ, ತಿರುಗುವ ಚಕ್ರ, ಆಮೇಲೆ ‘20 ಜನರಿಗೆ ಅಥವಾ 5 ಗುಂಪುಗಳಿಗೆ ಕಳಿಸಿ, ಕೂಪನ್ ಪಡೆಯಿರಿ’. ಕೂಪನ್ ಬರುವುದೇ ಇಲ್ಲ. ಸಂದೇಶ ಮಾತ್ರ ನಿಮ್ಮ ಹೆಸರಿನಲ್ಲಿ ನಿಮ್ಮ ಬಂಧುಗಳ ಫೋನಿಗೆ ಹೋಗಿರುತ್ತದೆ. ‘ನಮ್ಮ ಅಕ್ಕ ಕಳಿಸಿದ್ದು’ ಎಂದು ಅವರೂ ಒತ್ತುತ್ತಾರೆ.

ಅಂಗಡಿಯ ನಿಜವಾದ ಕೊಡುಗೆಗೆ ನೀವು ಇಪ್ಪತ್ತು ಜನರಿಗೆ ಕಳಿಸಬೇಕಾದ ಅಗತ್ಯವೇ ಇರುವುದಿಲ್ಲ. ಲಿಂಕಿನಲ್ಲಿ ಅಂಗಡಿಯ ಹೆಸರು ಎಲ್ಲೋ ಮಧ್ಯದಲ್ಲಿದ್ದರೆ ಸಾಲದು. ಅನುಮಾನವಿದ್ದರೆ ಲಿಂಕ್ ಬಿಟ್ಟು ಆ ಅಂಗಡಿಯ ಆ್ಯಪನ್ನೇ ತೆರೆದು ಅಲ್ಲಿ ಆ ಕೊಡುಗೆ ಇದೆಯೇ ನೋಡಿ. ಸ್ಕ್ರ್ಯಾಚ್ ಕಾರ್ಡ್‌ನಲ್ಲಿ ಹಣ ಬಂದಿದೆ, ಪಡೆಯಲು ಪಿನ್ ಹಾಕಿ ಎಂದರೆ ಅಲ್ಲೇ ನಿಲ್ಲಿಸಿ. ಯುಪಿಐ ಪಿನ್ ಒತ್ತುವುದು ಹಣ ಕಳಿಸಲು ಅಥವಾ ಬ್ಯಾಲೆನ್ಸ್ ನೋಡಲು. ನಮಗೆ ಹಣ ಬರಬೇಕಾದರೆ ಪಿನ್ ಒತ್ತುವುದೇ ಬೇಡ.

ಈಗಾಗಲೇ ಪಿನ್ ಹಾಕಿ ದುಡ್ಡು ಹೋಗಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ದೂರು ಬೇಗ ಹೋದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ದುಡ್ಡು ಹೋಗಿಲ್ಲ, ಲಿಂಕ್ ಮಾತ್ರ ಹಂಚಿದ್ದೀರಾದರೆ ಯಾವ ಯಾವ ಗುಂಪಿಗೆ ಕಳಿಸಿದ್ದಿರೋ ಅಲ್ಲಿಗೆ ಹೋಗಿ ಆ ಸಂದೇಶವನ್ನು ‘ಎಲ್ಲರಿಗೂ ಅಳಿಸಿ’ ಎಂದು ಕೊಡಿ, ‘ಅದು ಸುಳ್ಳು ಕೂಪನ್, ಒತ್ತಬೇಡಿ’ ಎಂದು ಒಂದು ಸಾಲು ಬರೆಯಿರಿ. ಸಂದೇಶ ಅಳಿಸಿಹಾಕಿದರೂ ಅಷ್ಟರೊಳಗೆ ಯಾರಾದರೂ ನೋಡಿರುತ್ತಾರೆ, ಹಾಗಾಗಿ ಆ ಒಂದು ಸಾಲು ಬೇಕು.