ಪಾಸ್‌ಪುಸ್ತಕ ಮತ್ತು ಪೋಲರಾಯ್ಡ್ ಕಾರ್ಮಿಕರ ಪ್ರತಿರೋಧ

ಆಫ್ರಿಕಾದ ವಿಮೋಚನಾ ಹೋರಾಟಗಳಿಗೆ ಅಮೆರಿಕದ ಕಪ್ಪು ಜನರು ನೀಡಿದ ಬೆಂಬಲವನ್ನು ಬಹುಮಟ್ಟಿಗೆ ನಾಯಕರ ಭಾಷಣಗಳಲ್ಲಿಯೇ ಗುರುತಿಸುತ್ತ ಬರಲಾಗಿದೆ. ಅದರ ಮಹತ್ವದ ಎಳೆಯೊಂದು ಕಾರ್ಖಾನೆಯೊಳಗೆ ಹುಟ್ಟಿತು. 1970ರಲ್ಲಿ ಮೆಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಪೋಲರಾಯ್ಡ್ ಕಂಪನಿಯ ರಸಾಯನತಜ್ಞೆ ಕ್ಯಾರೊಲಿನ್ ಹಂಟರ್ ಹಾಗೂ ಛಾಯಾಗ್ರಾಹಕ ಕೆನ್ ವಿಲಿಯಮ್ಸ್ ಅವರಿಗೆ ದಕ್ಷಿಣ ಆಫ್ರಿಕಾ ಸರ್ಕಾರದ ಗುರುತುಚೀಟಿಯ ಮಾದರಿಯೊಂದು ತಮ್ಮ ಕಚೇರಿಯಲ್ಲಿಯೇ ಕಂಡಿತು. ಆ ದೇಶದಲ್ಲಿ 16 ವರ್ಷ ದಾಟಿದ ಪ್ರತಿಯೊಬ್ಬ ಕಪ್ಪು ವ್ಯಕ್ತಿಯೂ ಪಾಸ್‌ಪುಸ್ತಕವನ್ನು ಸದಾ ಒಯ್ಯಬೇಕಿತ್ತು, ಇಲ್ಲದವರಿಗೆ ಸೆರೆವಾಸ. ಅದರಲ್ಲಿನ ಭಾವಚಿತ್ರಗಳಿಗೆ ತಮ್ಮ ಕಂಪನಿಯ ತಂತ್ರವೇ ಬಳಕೆಯಾಗುತ್ತಿದೆಯೆಂಬ ಅರಿವು ಅವರನ್ನು ಸಂಘಟನೆಗೆ ತೊಡಗಿಸಿತು.

ಹೀಗೆ ಹುಟ್ಟಿದ ‘ಪೋಲರಾಯ್ಡ್ ಕ್ರಾಂತಿಕಾರಿ ಕಾರ್ಮಿಕರ ಚಳವಳಿ’ಯು, ಕಂಪನಿ ದಕ್ಷಿಣ ಆಫ್ರಿಕಾದಿಂದ ಹೊರಬರಬೇಕೆಂದೂ, ಅಲ್ಲಿ ಗಳಿಸಿದ ಲಾಭವನ್ನು ಆಫ್ರಿಕಾದ ವಿಮೋಚನಾ ಚಳವಳಿಗಳಿಗೆ ನೀಡಬೇಕೆಂದೂ ಒತ್ತಾಯಿಸಿತು. ಎರಡನೆಯ ಬೇಡಿಕೆಯೇ ಹೆಚ್ಚು ಗಮನಾರ್ಹವಾದುದು. ಅದರಲ್ಲಿ ಋಣಸಂದಾಯದ ಧ್ವನಿಯಿದೆ. 1971ರಲ್ಲಿ ಕಂಪನಿಯು ಸರ್ಕಾರಕ್ಕೆ ಮಾರಾಟ ನಿಲ್ಲಿಸಿ, ಅಲ್ಲಿನ ಕಪ್ಪು ನೌಕರರ ವೇತನವನ್ನು ಸುಧಾರಿಸುವ ‘ಪ್ರಯೋಗ’ವೊಂದನ್ನು ಘೋಷಿಸಿತು. ಚಳವಳಿ ಅದನ್ನು ತಿರಸ್ಕರಿಸಿತು. ಹಂಟರ್ ಕೆಲಸ ಕಳೆದುಕೊಂಡರು. ಸ್ಥಳೀಯ ವಿತರಕ ಸಂಸ್ಥೆಯು ಸರ್ಕಾರಕ್ಕೆ ಗುಟ್ಟಾಗಿ ಸಾಮಗ್ರಿ ಪೂರೈಸುತ್ತಿದ್ದುದು 1977ರಲ್ಲಿ ಬಯಲಾದ ಮೇಲೆಯೇ ಪೋಲರಾಯ್ಡ್ ಆ ದೇಶದ ವ್ಯವಹಾರವನ್ನು ಕೈಬಿಟ್ಟಿತು. ಪಾಸ್ ಕಾನೂನು ಮಾತ್ರ 1986ರವರೆಗೆ ಉಳಿಯಿತು.