ಎಂಜಿನ್ ಬಿಚ್ಚಿಸುವ ಮುನ್ನ ಕಂಪ್ರೆಷನ್ ಪರೀಕ್ಷೆ ಸರಿಯಾಗಿ ನಡೆಯಲಿ

ಹಳೆಯ ಪೆಟ್ರೋಲ್ ಕಾರು ಪಿಕಪ್ ಕಳೆದುಕೊಂಡರೆ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ‘ಎಂಜಿನ್ ಕೆಲಸ’. ಸಾವಿರಾರು ರೂಪಾಯಿ ವೆಚ್ಚದ ಈ ತೀರ್ಮಾನಕ್ಕೆ ಆಧಾರ ಕಂಪ್ರೆಷನ್ ಗೇಜಿನ ಮುಳ್ಳು. ಪರೀಕ್ಷೆಯ ಕ್ರಮ ತಪ್ಪಿದರೆ ಸುಸ್ಥಿತಿಯ ಎಂಜಿನ್ ಕೂಡ ಸವೆದಂತೆ ತೋರುತ್ತದೆ.

ಪರೀಕ್ಷೆಯ ವೇಳೆ ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ಪೂರ್ಣ ಚಾರ್ಜ್ ಆಗಿರಬೇಕು. ಇಂಧನ ಹಾಗೂ ಇಗ್ನಿಷನ್ ಸಂಪರ್ಕ ತಪ್ಪಿಸಿ, ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನೂ ತೆಗೆಯಬೇಕು. ಒಂದನ್ನೇ ತೆಗೆದರೆ ಉಳಿದ ಸಿಲಿಂಡರ್‌ಗಳ ಒತ್ತಡದಿಂದ ಎಂಜಿನ್ ನಿಧಾನವಾಗಿ ತಿರುಗಿ, ಅಳತೆ ಇಳಿಯುತ್ತದೆ. ಥ್ರಾಟಲ್ ಪೂರ್ತಿ ತೆರೆದಿರಬೇಕು; ಇಲ್ಲವಾದರೆ ಸಿಲಿಂಡರಿಗೆ ಸಾಕಷ್ಟು ಗಾಳಿಯೇ ದೊರೆಯದು. ಪ್ರತಿ ಸಿಲಿಂಡರನ್ನೂ ಸಮಾನವಾಗಿ, 5-6 ಕಂಪ್ರೆಷನ್ ಆಗುವಷ್ಟು ತಿರುಗಿಸಬೇಕು.

ದೊರೆತ ಅಂಕಿಗಳನ್ನು ತಯಾರಕರ ಕೈಪಿಡಿಯೊಂದಿಗೆ ಹೋಲಿಸಬೇಕು. ಸಿಲಿಂಡರ್‌ಗಳ ಪೈಕಿ ಕನಿಷ್ಠ ಅಳತೆಯು ಗರಿಷ್ಠದ ಶೇ. 75ಕ್ಕಿಂತ ಕಡಿಮೆಯಿರಬಾರದು ಎಂಬುದು ರೂಢಿಯ ನಿಯಮ. ಅಂದರೆ ಒಂದು 160 ಪಿಎಸ್‌ಐ ತೋರಿದರೆ ಮತ್ತೊಂದು 120ಕ್ಕಿಂತ ಇಳಿಯಬಾರದು.

ಇಳಿದಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆದಿರುವ ಸೂಚನೆ. ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ ಪರಿಶೀಲಿಸಬೇಕು.

ದುರಸ್ತಿಗೆ ಒಪ್ಪುವ ಮುನ್ನ ಪ್ರತಿ ಸಿಲಿಂಡರಿನ ಅಳತೆಯನ್ನೂ ಬರೆಸಿಕೊಳ್ಳುವುದು ಮಾಲೀಕರಿಗೆ ಕ್ಷೇಮ.